ಮಾಸ್ಕ್ ಹಾಕೋದ್ರಿಂದ ನಿಜವಾಗ್ಲೂ ಉಪಯೋಗ ಇದೆಯಾ?

"ಮಾಸ್ಕ್ ಎಲ್ಲಾ ವೇಸ್ಟ್, ಸೈಂಟಿಸ್ಟ್‌ಗಳೇ ಪ್ರೂವ್ ಮಾಡಿದ್ದಾರೆ" ಅನ್ನೋ ಫಾರ್ವರ್ಡ್ ನಮ್ ಫ್ಯಾಮಿಲಿ ಗ್ರೂಪಲ್ಲಿ ಇನ್ನೂ ಆಗಾಗ ಬರ್ತಾ ಇರತ್ತೆ. ಅಪ್ಪಂಗೆ ಉಬ್ಬಸ ಇದೆ, ಒಂದು ಸಣ್ಣ ಶೀತ ಬಂದ್ರೂ ಎದೆಗೆ ಇಳಿಯತ್ತೆ, ಹಾಗಾಗಿ ನಂಗೆ ಇದನ್ನ ಓದಿ ಸುಮ್ನಿರೋಕೆ ಆಗ್ಲಿಲ್ಲ, ಸ್ಟಡಿಗಳನ್ನೇ ಹುಡುಕಿ ಓದ್ದೆ.

ಆ ಮಾತಿನ ಮೂಲ 2023ರ ಜನವರಿಯ ಕಾಕ್ರೇನ್ ರಿವ್ಯೂ, ಅಂದ್ರೆ ವೈದ್ಯಕೀಯ ಸ್ಟಡಿಗಳನ್ನೆಲ್ಲಾ ಒಟ್ಟಿಗೆ ಇಟ್ಟು ಪರಿಶೀಲಿಸೋ ಕಾಕ್ರೇನ್ ಅನ್ನೋ ಸಂಸ್ಥೆಯ ವರದಿ. ಕೈ ತೊಳ್ಯೋದು, ಮಾಸ್ಕ್ ಎಲ್ಲಾ ಸೇರಿ 78 ಟ್ರಯಲ್ ಒಟ್ಟಿಗೆ ನೋಡಿದ್ರು, ಮಾಸ್ಕಿಂದ ಹೆಚ್ಚೇನೂ ವ್ಯತ್ಯಾಸ ಕಾಣ್ಲಿಲ್ಲ ಅಂತ ಬರ್ದಿರೋದು ನಿಜಾನೇ. ಆದ್ರೆ ಮಾರ್ಚಲ್ಲಿ ಕಾಕ್ರೇನ್ ಮುಖ್ಯ ಸಂಪಾದಕಿ ಕಾರ್ಲಾ ಸೋರೆಸ್-ವೈಸರ್ ಅವ್ರೇ, ಇದನ್ನ 'ಮಾಸ್ಕ್ ಕೆಲಸ ಮಾಡಲ್ಲ' ಅಂತ ಅರ್ಥ ಮಾಡ್ಕೋಬೇಡಿ, ರಿಸಲ್ಟ್ ಯಾವ ಕಡೆಗೂ ಖಚಿತ ಇಲ್ಲ ಅಂತ ಸ್ಪಷ್ಟನೆ ಕೊಟ್ರು. ಅದು ಎಷ್ಟು ಜನಕ್ಕೆ ಗೊತ್ತು ಹೇಳಿ.

ಇಲ್ಲಿ ಒಂದು ವಿಷಯ ಗಮನಿಸ್ಬೇಕು, ಈ ಟ್ರಯಲ್‌ಗಳು ಅಳೆಯೋದು ಜನರಿಗೆ ಮಾಸ್ಕ್ ಕೊಟ್ಟು ಹಾಕ್ಕೊಳ್ಳಿ ಅಂದ್ರೆ ಏನಾಗತ್ತೆ ಅನ್ನೋದನ್ನ, ಅವ್ರು ಹಾಕ್ಕೊಂಡ್ರಾ ಇಲ್ವಾ ಅನ್ನೋದು ಬೇರೆ ಮಾತು. 2020ರಲ್ಲಿ ಡೆನ್ಮಾರ್ಕಲ್ಲಿ ಸುಮಾರು 6,000 ಜನರ ಮೇಲೆ ಇಂಥದ್ದೇ ಒಂದು ಟ್ರಯಲ್ ಮಾಡಿದ್ರು, ಅದರ ಮಾಸ್ಕ್ ಗುಂಪಲ್ಲಿ ಹೇಳಿದ ಹಾಗೆ ಪೂರ್ತಿ ಹಾಕ್ಕೊಂಡೋರು ಶೇ. 46 ಅಷ್ಟೇ. ಕೋವಿಡ್ ಸೋಂಕು ಮಾಸ್ಕ್ ಗುಂಪಲ್ಲಿ 1.8, ಇನ್ನೊಂದರಲ್ಲಿ 2.1 ಪರ್ಸೆಂಟ್, ಅಷ್ಟರಲ್ಲಿ ಏನೂ ತೀರ್ಮಾನ ಮಾಡೋಕಾಗಲ್ಲ.

ನಂಗೆ ತುಂಬಾ ಮುಖ್ಯ ಅನ್ಸಿದ್ದು ಬಾಂಗ್ಲಾದೇಶದ್ದು. 2020ರ ನವೆಂಬರಿಂದ 2021ರ ಏಪ್ರಿಲ್ ತನಕ, 600 ಹಳ್ಳಿ, ಹತ್ರ ಹತ್ರ 3.4 ಲಕ್ಷ ಜನ. ಅರ್ಧ ಹಳ್ಳಿಗಳಲ್ಲಿ ಮನೆಮನೆಗೆ ಫ್ರೀ ಮಾಸ್ಕ್ ಕೊಟ್ರು, ಸಂತೇಲಿ ಮಸೀದಿ ಹತ್ರ ನಿಂತು ನೆನಪಿಸಿದ್ರು, ಇಮಾಮರು ಊರಿನ ಮುಖಂಡರ ಕೈಲೂ ಹೇಳಿಸಿದ್ರು, ಇಷ್ಟೆಲ್ಲಾ ಮಾಡಿದ್ಮೇಲೆ ಸರಿಯಾಗಿ ಮಾಸ್ಕ್ ಹಾಕೋರು 13 ಪರ್ಸೆಂಟಿಂದ 42ಕ್ಕೆ ಏರಿದ್ರು. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಜನ ಆಗ್ಲೂ ಹಾಕ್ತಿರ್ಲಿಲ್ಲ! ಆದ್ರೂ ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ, ರೋಗಲಕ್ಷಣ ಇದ್ದು ರಕ್ತ ಪರೀಕ್ಷೇಲೂ ಪಾಸಿಟಿವ್ ಬಂದ ಕೋವಿಡ್ ಶೇ. 11 ಕಮ್ಮಿ ಆಯ್ತು, 60 ದಾಟಿದೋರಲ್ಲಿ ಶೇ. 35. ಬಟ್ಟೆ ಮಾಸ್ಕಿಂದ ಅಂಥಾ ಸ್ಪಷ್ಟ ಲಾಭ ಕಾಣ್ಲಿಲ್ಲ. ಇದಕ್ಕೂ ಆಕ್ಷೇಪಣೆ ಇದೆ, ಆ ಹಳ್ಳಿಗಳ ಜನ ಸ್ವಲ್ಪ ದೂರ ದೂರಾನೂ ನಿಲ್ತಿದ್ರು, ಒಟ್ಟು ಲೆಕ್ಕದಲ್ಲಿ ನೋಡಿದ್ರೆ ಹೀಗೆ ಕೋವಿಡ್ ಬಂದೋರು ಮಾಸ್ಕ್ ಕೊಡದ ಹಳ್ಳಿಗಳಲ್ಲಿ 0.76, ಕೊಟ್ಟ ಹಳ್ಳಿಗಳಲ್ಲಿ 0.68 ಪರ್ಸೆಂಟ್ ಅಷ್ಟೆ. ಆದ್ರೆ ವಯಸ್ಸಾದೋರ ಆ 35 ಇದೆಯಲ್ಲ, ಮನೇಲಿ ವಯಸ್ಸಾದೋರನ್ನ ಇಟ್ಕೊಂಡಿರೋ ಯಾರಿಗೂ ಅದು ಸಣ್ಣ ವಿಷಯ ಅಲ್ಲ.

ಆಮೇಲೆ ನಾರ್ವೇಲಿ 2023ರಲ್ಲಿ 4,647 ಜನರ ಮೇಲೆ 14 ದಿನ ನೋಡಿದ್ರು, ಶೀತ ಕೆಮ್ಮು ಥರದ್ದು ಬಂತು ಅಂದೋರು ಮಾಸ್ಕ್ ಗುಂಪಲ್ಲಿ 8.9, ಇನ್ನೊಂದರಲ್ಲಿ 12.2 ಪರ್ಸೆಂಟ್. ಜನ ತಾವೇ ಹೇಳಿದ್ದು ಅನ್ನೋದು ಇದರ ವೀಕ್‌ನೆಸ್.

ಎನ್95 ವಿಷ್ಯ ಕೇಳೋರಿಗೆ: ಅದರ ಎಳೆಗಳಲ್ಲಿ ಸ್ಥಾಯೀ ವಿದ್ಯುತ್ ಇರತ್ತೆ, ಸಣ್ಣ ಕಣಗಳನ್ನ ಎಳ್ಕೊಂಡು ಹಿಡ್ಕೊಳತ್ತೆ, ಸೋಪ್ ಹಾಕಿ ಒಗೆದ್ರೆ ಆ ವಿದ್ಯುತ್ ಹೋಗ್ಬಿಡತ್ತೆ, ಅದಕ್ಕೇ ಒಗೀಬಾರ್ದು. ಕೆನ್ನೆ ಪಕ್ಕ, ಮೂಗಿನ ಹತ್ರ ಗ್ಯಾಪ್ ಇದ್ರೆ ಗಾಳಿ ಅಲ್ಲಿಂದಾನೇ ಹೋಗತ್ತೆ, ಆಗ ಎಷ್ಟು ಒಳ್ಳೇ ಮಾಸ್ಕ್ ಆದ್ರೂ ಅಷ್ಟೆ. ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗುವಾಗ ಇಬ್ರೂ ಇದನ್ನೇ ಹಾಕ್ತೀವಿ, ಮೂಗಿನ ತಂತಿ ಒತ್ತಿ ಸರಿಯಾಗಿ ಕೂತಿದೆಯಾ ಅಂತ ನಾನೇ ನೋಡ್ತೀನಿ.