ಕಾಲು ಎಣಿಸುತ್ತಾ ಕಳೆದ ಭಾನುವಾರ

23 ಜೂನ್ 2024, ಭಾನುವಾರ
ಸಿರುಗುಪ್ಪ

ಆರಿದ್ರ ಮಳೆ ಹೊಕ್ಕಿದೆ. "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಅಂತ ಹಿರಿಯರು ಹೇಳುತ್ತಾರಲ್ಲ, ಈ ಸಲ ಮನೆ ಮುಂದಿನ ನೆಲ ಚೆನ್ನಾಗಿ ನೆನೆಯಿತು. ನಿನ್ನೆ ರಾತ್ರಿ ಎಂಟಕ್ಕೆ ಹೋದ ಕರೆಂಟ್ ಒಂಬತ್ತೂವರೆಗೆ ಬಂತು. ಟ್ಯೂಬ್‌ಲೈಟ್ ಹತ್ತಿದ್ದೇ ತಡ, ಅಂಗಳದಲ್ಲಿದ್ದ ರೆಕ್ಕೆ ಗೆದ್ದಲೆಲ್ಲ ಒಳಗೆ ಬಂದವು. ಅವುಗಳ ಹಿಂದೆಯೇ ಬಾಗಿಲ ಸಂದಿಯಿಂದ, ಒಂಟೆ ಜೇಡ ಅಂತಾರಲ್ಲ, ಅಂಥದೊಂದು ನುಗ್ಗಿತು. ಒಣಹುಲ್ಲಿನ ಬಣ್ಣ, ಮೈತುಂಬ ಉದ್ದ ಕೂದಲು, ಕಿರುಬೆರಳಿನಷ್ಟು ಮೈ. ನೆಲದ ಮೇಲೆ ಗಾಳಿಗೆ ಹಾರುವ ಹತ್ತಿಯ ಹಾಗೆ ಓಡುತ್ತಿತ್ತು.

ಅವ್ವ ಚಪ್ಪಲಿ ಎತ್ತಿದಳು. "ವಿಷದ ಹುಳ ಐತಿ, ಮೊದ್ಲು ಹೊಡಿ" ಅಂದಳು. "ತಡಿಯವ್ವಾ, ಅದರಾಗ ವಿಷಾನೇ ಇಲ್ಲ" ಅಂತ ನಾನು ಸ್ಟೀಲ್ ಡಬ್ಬಿ ಬೋರಲು ಹಾಕಿದೆ. ಕೆಳಗೆ ರಟ್ಟು ತೂರಿಸಿ, ಖಾಲಿ ಉಪ್ಪಿನಕಾಯಿ ಬಾಟಲಿಗೆ ದಾಟಿಸಿ, ಮುಚ್ಚಳಕ್ಕೆ ತೂತು ಹೊಡೆದು ಮಲಗಿದೆವು.

ಇವತ್ತು ಅಂಗಡಿಗೆ ರಜೆ. ನನ್ನದು ಗೊಬ್ಬರ, ಬೀಜ, ಔಷಧಿ ಅಂಗಡಿ. ಎಲೆ ಮೇಲಿನ ನುಸಿ ನೋಡಲು ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರ ಯಾವಾಗಲೂ ಜೇಬಿನಲ್ಲಿರುತ್ತದೆ. ಬೆಳಗ್ಗೆ ಟೀ ಕುಡಿದವನೇ ಮಗಳ ಜೊತೆ ಬಾಟಲಿ ಮುಂದೆ ಕೂತೆ. ಅವಳು ಆರನೇ ಕ್ಲಾಸು. ಒಂದು, ಎರಡು ಅಂತ ಬೆರಳಿಟ್ಟು ಎಣಿಸಿ, "ಅಪ್ಪಾ, ಇದಕ್ಕೆ ಹತ್ತು ಕಾಲು. ಪುಸ್ತಕದಾಗ ಜೇಡಕ್ಕೆ ಎಂಟು ಅಂತ ಐತಿ. ಇದು ಜೇಡ ಅಲ್ಲ" ಅಂದಳು.

ಜೇಡ ಅಲ್ಲ ಅನ್ನೋದು ಸರಿ. ಹತ್ತು ಕಾಲು ಅನ್ನೋದು ತಪ್ಪು. ಇವತ್ತಿನ ದಿನವೆಲ್ಲ ಈ ಮಾತಿನ ಹಿಂದೆಯೇ ಹೋಯಿತು.

ಇದನ್ನು ಪೇಪರಿನವರು ಒಂಟೆ ಜೇಡ ಅಂತ ಬರೆಯುತ್ತಾರೆ. ಇದು ಒಂಟೆಯೂ ಅಲ್ಲ, ಜೇಡವೂ ಅಲ್ಲ. ಸಾಲಿಫ್ಯೂಗೆ ಅಂತ ಬೇರೆಯದೇ ಗಣ. ಲೋಕದಲ್ಲಿ 1,100ಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚಿನವು ನಮ್ಮ ಕಡೆಯಂಥ ಒಣ ಸೀಮೆಯವು. ಜೇಡ, ಚೇಳು, ಉಣ್ಣೆ, ನುಸಿ, ಇದು, ಎಲ್ಲ ಸೇರಿ ಒಂದು ದೊಡ್ಡ ಮನೆತನ, ಅರಾಕ್ನಿಡ್ ಅಂತ. ಈ ಮನೆತನದಲ್ಲಿ ಯಾರಿಗೂ ಕೀಟಗಳಿಗಿರುವ ಹಾಗೆ ತಲೆ ಮೇಲೆ ಮೀಸೆ ಇಲ್ಲ, ರೆಕ್ಕೆ ಇಲ್ಲ. ಎಲ್ಲರಿಗೂ ಸಿಕ್ಕಿರುವ ಸಾಮಾನು ಒಂದೇ: ಬಾಯಿ ಮುಂದೆ ಒಂದು ಜೋಡಿ ಹಿಡಿಯುವ ಅಂಗ, ಅದರ ಪಕ್ಕ ಇನ್ನೊಂದು ಜೋಡಿ ಕೈ, ಆಮೇಲೆ ನಾಲ್ಕು ಜೋಡಿ ಕಾಲು. ಮೊದಲ ಜೋಡಿಗೆ ಕೆಲಿಸೆರಾ ಅಂತಲೂ ಎರಡನೆಯದಕ್ಕೆ ಪೆಡಿಪಾಲ್ಪ್ ಅಂತಲೂ ಹೆಸರು. ನಾನು ಮಗಳಿಗೆ ಬಾಯಿಜೋಡಿ, ಕೈಜೋಡಿ ಅಂತ ಹೇಳಿಕೊಟ್ಟೆ. ಅವಳು ಹತ್ತು ಅಂತ ಎಣಿಸಿದ್ದರಲ್ಲಿ ಮುಂದಿನ ಎರಡು ಕೈಜೋಡಿ.

ಅದು ಕೈಯೇ ಅನ್ನೋದನ್ನ ಬಾಟಲಿಯಲ್ಲಿದ್ದದ್ದೇ ತೋರಿಸಿತು. ಗಾಜಿನ ಮೇಲೆ ಕಾಲು ಜಾರುತ್ತಿತ್ತು. ಆಗ ಮುಂದಿನ ಎರಡು ಕೈಯನ್ನು ಮೇಲಕ್ಕೆ ಚಾಚಿ ತುದಿಯನ್ನು ಗಾಜಿಗೆ ಒತ್ತಿತು. ತುದಿಯಿಂದ ಬೆಳ್ಳಗಿನ ಸಣ್ಣ ಮೆತ್ತೆ ಹೊರಗೆ ಬಂದು ಅಂಟಿಕೊಂಡಿತು. ಮೈಯನ್ನು ಎಳೆದುಕೊಂಡು ಒಂದು ಇಂಚು ಮೇಲೆ ಹೋಯಿತು, ಮತ್ತೆ ಇನ್ನೊಂದು ಕೈ. ಮಸೂರದಲ್ಲಿ ಆ ಮೆತ್ತೆ ಒಳಗೆ ಹೋಗಿ ಹೊರಗೆ ಬರುವುದನ್ನು ನಾವಿಬ್ಬರೂ ಉಸಿರು ಹಿಡಿದು ನೋಡಿದೆವು. ಓಡುವ ಹುಳ ಹಿಡಿಯಲೂ ಇದಕ್ಕೆ ಈ ಅಂಟೇ ಆಸರೆ.

ಬಾಯಿಜೋಡಿ ಇನ್ನೂ ಜೋರು. ಪಕ್ಕಪಕ್ಕದಲ್ಲಿ ಎರಡು ಅಡಕತ್ತರಿ ಇಟ್ಟ ಹಾಗಿದೆ. ತಲೆಗಿಂತ ಅದೇ ದಪ್ಪ. ರಾತ್ರಿ ಬಿದ್ದಿದ್ದ ಗೆದ್ದಲು ಒಂದನ್ನು ಹಾಕಿದೆ. ಹಿಡಿದ ಮೇಲೆ ಎರಡೂ ಅಡಕತ್ತರಿ ಒಂದಾದ ಮೇಲೊಂದು ಹಿಂದೆಮುಂದೆ ಸರಿಯುತ್ತಾ ಅರೆಯತೊಡಗಿದವು. ವಿಷದ ಚೀಲ ಇಲ್ಲ, ಬಲೆ ನೂಲು ಇಲ್ಲ, ಕೊಂಡಿ ಇಲ್ಲ, ಇರೋದೆಲ್ಲ ದವಡೆಯ ಬಲ ಮತ್ತು ಓಟ. ದೊಡ್ಡದು ಕಚ್ಚಿದರೆ ರಕ್ತ ಬರುತ್ತದೆ ಅನ್ನೋದು ನಿಜ. ಆದರೆ ವಿಷ ಏರುತ್ತದೆ ಅಂತ ಹೆದರಿ ಕೊಲ್ಲುವುದು ಬೇಡ.

ಮಧ್ಯಾಹ್ನ ಅದು ಬಾಟಲಿಯ ಗೋಡೆಗೆ ನಿಂತಾಗ ಹೊಟ್ಟೆಯ ಕಡೆ ಕಾಣಿಸಿತು. ಹಿಂದಿನ ಎರಡು ಕಾಲಿನ ಬುಡದಲ್ಲಿ, ಒಂದೊಂದಕ್ಕೆ ಐದರಂತೆ, ಪುಟ್ಟ ಸೌಟಿನ ಆಕಾರದ ತೆಳು ಹಾಳೆಗಳು ಜೋತಾಡುತ್ತಿದ್ದವು. ನೆಲದ ವಾಸನೆ ಹಿಡಿಯೋದು ಅವುಗಳ ಕೆಲಸ. ಇದನ್ನು ನೋಡಿದಾಗ ನನಗೆ ಚೇಳು ನೆನಪಾಯಿತು. ಚೇಳಿಗೂ ಅದೇ ಕೆಲಸ ಬೇಕು. ಆದರೆ ಅದು ಕಾಲಿನ ಹಿಂದೆ, ಹೊಟ್ಟೆಯ ಕೆಳಗೆ ಹಣಿಗೆಯ ಹಾಗೆ ಎರಡು ಅಂಗ ಇಟ್ಟುಕೊಂಡಿದೆ. ನಡೆಯುತ್ತಾ ಅದನ್ನು ನೆಲಕ್ಕೆ ಸವರಿಕೊಂಡು ಹೋಗುತ್ತದೆ. ಹಣಿಗೆ ಚೇಳಿಗೆ ಬಿಟ್ಟರೆ ಲೋಕದಲ್ಲಿ ಇನ್ಯಾವ ಜೀವಿಗೂ ಇಲ್ಲ. ಚಾಟಿ ಜೇಡ ಅಂತ ಒಂದಿದೆ, ಬಂಡೆ ಸಂದಿಯಲ್ಲಿ ಚಪ್ಪಟೆಯಾಗಿ ಕೂರುತ್ತದೆ. ಅದರ ಮೊದಲ ಕಾಲು ನಡೆಯುವುದನ್ನೇ ಬಿಟ್ಟು ಮೈಗಿಂತ ಎಷ್ಟೋ ಪಟ್ಟು ಉದ್ದದ ದಾರವಾಗಿದೆ. ಆರು ಕಾಲಲ್ಲಿ ನಡೆಯುತ್ತಾ ಎರಡು ದಾರದಿಂದ ಸುತ್ತ ತಡವುತ್ತದೆ. ಕೆಲಸ ಒಂದೇ. ಒಬ್ಬರು ಹಿಂಗಾಲಿಗೆ ಕೊಟ್ಟರು, ಒಬ್ಬರು ಹೊಟ್ಟೆಗೆ, ಒಬ್ಬರು ಮುಂಗಾಲಿಗೆ. ನನಗೆ ಇದಕ್ಕಿಂತ ಚೆಂದದ ಸಂಗತಿ ಇನ್ನೊಂದಿಲ್ಲ.

ಚೇಳಿನ ಮಾತು ಬಂತಲ್ಲ. ಶುಕ್ರವಾರ ತೆಕ್ಕಲಕೋಟೆಯ ತಂಗಿ ಮನೆಗೆ ಹೋಗಿದ್ದೆ. ಅವಳ ಹಿತ್ತಿಲಿಗೆ ಗುಡ್ಡದ ಬಂಡೆ ತಾಗಿಕೊಂಡೇ ಇದೆ. ಖೋಟಾ ನೋಟು ನೋಡುವ ಸಣ್ಣ ನೇರಳೆ ಲೈಟ್ ಅಂಗಡಿಯಿಂದ ಜೇಬಿಗೆ ಹಾಕಿಕೊಂಡಿದ್ದೆ. ಕತ್ತಲಾದ ಮೇಲೆ ಕಲ್ಲುಗುಪ್ಪೆಗೆ ಬೆಳಕು ಬಿಟ್ಟರೆ ಮೂರು ಕಡೆ ಹಸಿರು ನೀಲಿಯಾಗಿ ಹೊಳೆಯಿತು. ತಂಗಿ ಗಂಡ "ಭಾವಾ, ಇಷ್ಟು ದಿನ ಇದರ ಮ್ಯಾಲೇ ಕೂತು ಮಾತಾಡ್ತಿದ್ವಲ್ಲ" ಅಂತ ಹಿಂದೆ ಸರಿದ. ಚೇಳಿನ ಮೇಲ್ಚರ್ಮದಲ್ಲಿರುವ ಕೆಲವು ವಸ್ತುಗಳು ಆ ಬೆಳಕಿಗೆ ಹೊಳೆಯುತ್ತವೆ. ಈಗ ತಾನೇ ಪೊರೆ ಬಿಟ್ಟ ಚೇಳು, ಮೈ ಗಟ್ಟಿಯಾಗುವ ತನಕ ಹೊಳೆಯೋದಿಲ್ಲ. ಮಳೆಗಾಲದಲ್ಲಿ ಹಿತ್ತಿಲಿಗೆ ಹೋಗುವವರು ಇಂಥ ಲೈಟ್ ಒಂದು ಇಟ್ಟುಕೊಳ್ಳಿ, ಜಾಸ್ತಿ ದುಡ್ಡೇನೂ ಆಗೋದಿಲ್ಲ.

ಮೂರರಲ್ಲಿ ಎರಡು ಕೆಂಚನೆಯವು, ಒಂದು ಕರಿದು. ಕರಿ ಚೇಳಿನ ಇಕ್ಕಳ ದಪ್ಪ, ಬಾಲ ತೆಳ್ಳಗೆ. ಕೆಂಚು ಚೇಳಿನ ಇಕ್ಕಳ ಕಡ್ಡಿ, ಬಾಲ ದಪ್ಪ. ಎಲ್ಲ ಚೇಳಿಗೂ ಇದು ಹೊಂದದಿದ್ದರೂ ನಮ್ಮ ಕಡೆ ನೆನಪಿಟ್ಟುಕೊಳ್ಳಬೇಕಾದ ಗುರುತು. ಇಕ್ಕಳದಲ್ಲೇ ಬೇಟೆ ಹಿಚುಕುವ ದೊಡ್ಡ ಕರಿ ಚೇಳಿಗೆ ವಿಷದ ಕೆಲಸ ಕಡಿಮೆ. ಇಕ್ಕಳ ಸಣ್ಣದಿದ್ದದ್ದು ಕೊಂಡಿಯನ್ನೇ ನಂಬಬೇಕು. ಆ ಇಕ್ಕಳ ಯಾವುದು ಅಂತ ಕೇಳಿದರೆ, ಅದೇ ಕೈಜೋಡಿ! ಬಾಟಲಿಯಲ್ಲಿ ಅಂಟುಮೆತ್ತೆಯಾಗಿದ್ದದ್ದು ಚೇಳಿನಲ್ಲಿ ಇಕ್ಕಳ, ಗಂಡು ಜೇಡದಲ್ಲಿ ತುದಿ ಉಬ್ಬಿ ಹೆಣ್ಣಿಗೆ ಬೀಜ ದಾಟಿಸುವ ಅಂಗ.

ಕೆಂಚು ಚೇಳು ಕಡಿದರೆ ಮಾತ್ರ ಹುಡುಗಾಟ ಅಲ್ಲ, ಮಕ್ಕಳಿಗೆ ಜೀವಕ್ಕೇ ಕುತ್ತು ಬರುತ್ತದೆ. ಮಹಾರಾಷ್ಟ್ರದ ಮಹಾಡದ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೋಸಿನ್ ಅನ್ನುವ ರಕ್ತದೊತ್ತಡದ ಮಾತ್ರೆಯನ್ನು ಇದಕ್ಕೆ ಬಳಸಿ ಎಷ್ಟೋ ಜೀವ ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಮಾತ್ರೆ ಮನೆಯಲ್ಲಿ ನುಂಗುವುದಲ್ಲ, ಡಾಕ್ಟರ್ ನೋಡಿ ಕೊಡಬೇಕು. ಮಂತ್ರ ಹಾಕಿಸಿಕೊಂಡು ಕೂರಬೇಡಿ. ಮೊದಲು ಆಸ್ಪತ್ರೆ. ಯಾದಗಿರಿ ಕಡೆಯ ಕಂದಕೂರಿನಲ್ಲಿ ನಾಗರ ಪಂಚಮಿಗೆ ಗುಡ್ಡದ ಕಲ್ಲೆತ್ತಿ ಚೇಳು ಹಿಡಿದು ಮೈಮೇಲೆ ಬಿಟ್ಟುಕೊಳ್ಳುತ್ತಾರಲ್ಲ, ಅದು ಅಲ್ಲಿನ ಭಕ್ತಿ. ಅದನ್ನು ನೋಡಿ ನಮ್ಮ ಹಿತ್ತಿಲ ಚೇಳಿಗೆ ಕೈ ಹಾಕುವುದು ಬೇಡ.

ಮಗಳು ಇನ್ನೊಂದು ತಂದಳು. ಬೆಂಕಿಪೊಟ್ಟಣದಲ್ಲಿ ಕೆಂಪು ಮಖಮಲ್ಲಿನ ಗುಳಿಗೆಯಂಥದ್ದು. ಪಕ್ಕದ ಮನೆಯ ಅಕ್ಕ ತೆಲುಗಿನವರು, ಅವರು ಆರುದ್ರ ಪುರುಗು ಅನ್ನುತ್ತಾರೆ. ಹಳೆಯ ಕನ್ನಡದಲ್ಲಿ ಇಂದ್ರಗೋಪ. ಇದೂ ಅದೇ ಮನೆತನ, ನುಸಿಯ ಕಡೆಯದು. ಇಲ್ಲಿ ಎಂಟು ಕಾಲು ಸರಿಯಾಗಿ ಸಿಕ್ಕಿತು, ಅವಳಿಗೆ ಖುಷಿ. ಆದರೆ ನುಸಿ, ಉಣ್ಣೆ ಮೊಟ್ಟೆಯಿಂದ ಬಂದಾಗ ಆರೇ ಕಾಲು. ಒಮ್ಮೆ ಪೊರೆ ಬಿಟ್ಟ ಮೇಲೆ ಎಂಟು. ದನದ ಮೈಮೇಲಿನ ಉಣ್ಣೆ ಮರಿ ಮಸೂರದಲ್ಲಿ ನೋಡಿದರೆ ಯಾರಾದರೂ ಕೀಟ ಅಂದುಕೊಳ್ಳಬೇಕು. ಅದಕ್ಕೇ ಬರೀ ಕಾಲು ಎಣಿಸಿ ಬಿಡಬಾರದು, ಮೀಸೆ ಇದೆಯಾ, ಬಾಯಿ ಮುಂದೆ ಏನಿದೆ ಅಂತಲೂ ನೋಡಬೇಕು.

ಇದು ನನ್ನ ಅಂಗಡಿಯ ಮಾತೂ ಹೌದು. ಕಳೆದ ಡಿಸೆಂಬರ್‌ನಲ್ಲಿ ಒಬ್ಬ ರೈತರು ಮೆಣಸಿನ ಗಿಡ ಕಿತ್ತು ತಂದು ಕೌಂಟರ್ ಮೇಲಿಟ್ಟರು. "ಸಾವ್ಕಾರ್ರೆ, ಮೂರು ಸಲ ಎಣ್ಣಿ ಹೊಡದೀನಿ, ಮುಟುರು ಹೋಗ್ವಲ್ದು." ಮುಟುರು ಅಂದರೆ ಎಲೆ ಮುದುಡುವ ರೋಗ. ಬೇರೆ ಕಡೆ ಕೊಟ್ಟಿದ್ದು ಮೂರೂ ಸಲ ಕೀಟದ ಔಷಧಿ. ಎಲೆ ಕೆಳಮುಖವಾಗಿ, ದೋಣಿ ಬೋರಲು ಹಾಕಿದ ಹಾಗೆ ಮುದುಡಿತ್ತು. ಥ್ರಿಪ್ಸ್ ಅನ್ನುವ ಸಣ್ಣ ಕೀಟ ಆದರೆ ಎಲೆ ಮೇಲಕ್ಕೆ ಮುದುಡುತ್ತದೆ. ಎಲೆ ತಿರುಗಿಸಿ ಮಸೂರ ಹಿಡಿದೆ. ನರದ ಪಕ್ಕ ಹಳದಿ ನುಸಿ, ಸಕ್ಕರೆ ಹರಳಿಗಿಂತ ಸಣ್ಣವು, ಸೊಂಟವಿಲ್ಲದ ಒಂದೇ ಮುದ್ದೆ. ಅವರ ಕೈಗೇ ಮಸೂರ ಕೊಟ್ಟೆ. ಸುಮಾರು ಹೊತ್ತು ನೋಡಿ "ಇದು ಹುಳಾನೇ ಅಲ್ಲಲ್ರೀ" ಅಂದರು. ಹೌದು, ಹುಳ ಅಲ್ಲ. ಕೀಟಕ್ಕೆ ಮಾಡಿದ ಎಷ್ಟೋ ಔಷಧಿ ನುಸಿಗೆ ನಾಟೋದಿಲ್ಲ. ಅದರ ಮೇಲೆ ಪೈರೆಥ್ರಾಯ್ಡ್ ಅನ್ನುವ ಗುಂಪಿನ ಕೀಟದ ಔಷಧಿ ಹೊಡೆದರೆ ನುಸಿಯನ್ನು ತಿನ್ನುವ ಜೀವಿಗಳು ಸತ್ತು ನುಸಿ ಇನ್ನೂ ಹೆಚ್ಚುತ್ತದೆ. ನೀರಲ್ಲಿ ಕರಗುವ ಗಂಧಕ, ಇಲ್ಲ ನುಸಿಗೇ ಅಂತ ಬರುವ ಔಷಧಿ ಬೇಕು. ಮೂರು ಸಲದ ದುಡ್ಡು, ಆಳಿನ ಕೂಲಿ, ಎಲ್ಲ ನೀರಿಗೆ ಹೋಗಿತ್ತು. ನನಗೆ ಅವತ್ತು ಊಟ ಸೇರಲಿಲ್ಲ.

ಭತ್ತದ ಗದ್ದೆಯಲ್ಲಿ ಇದೇ ಮನೆತನ ನಮ್ಮ ಪರವಾಗಿ ನಿಂತಿರುತ್ತದೆ. ಬುಡದ ನೀರಿನ ಮೇಲೆ ಓಡಾಡುವ ತೋಳ ಜೇಡ ಕಂದು ಜಿಗಿಹುಳುವನ್ನು ಹಿಡಿದು ತಿನ್ನುತ್ತದೆ. ಬಲೆ ಕಟ್ಟೋದಿಲ್ಲ. ನೂಲನ್ನು ಮೊಟ್ಟೆ ಚೀಲಕ್ಕೆ ಬಳಸಿ, ಚೀಲವನ್ನು ಹಿಂಬದಿಗೆ ಅಂಟಿಸಿಕೊಂಡು, ಮರಿ ಆದ ಮೇಲೆ ಬೆನ್ನ ಮೇಲೆ ಹೊರುತ್ತದೆ. ಚೇಳೂ ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ, ಆದರೆ ಅದು ಮೊಟ್ಟೆ ಇಡದೆ ಮರಿ ಹಾಕುತ್ತದೆ. ಕಾಲುವೆ ನೀರು ಬಿಟ್ಟ ಮೇಲೆ ರೈತರು ಬಂದರೆ ನಾನು ಮೊದಲು ಕೇಳೋದು, ಬುಡದಲ್ಲಿ ಜೇಡ ಎಷ್ಟು ಕಂಡವು ಅಂತ. ಸುಮ್ನೆ ಮುಂಚಿತವಾಗಿ ಹೊಡೆದರೆ ಜೇಡ ಹೋಗಿ ಜಿಗಿಹುಳು ಎದ್ದು ಕೂರುತ್ತದೆ. ವ್ಯಾಪಾರ ಕಡಿಮೆಯಾದರೂ ಚಿಂತೆ ಇಲ್ಲ, ಇದನ್ನು ಹೇಳದೆ ಇರೋಕೆ ಆಗೋದಿಲ್ಲ.

ಜೇಡ ಸತ್ತಾಗ ಕಾಲು ಯಾಕೆ ಮಡಚಿಕೊಳ್ಳುತ್ತೆ ಅಂತ ಮಗಳು ಕೇಳಿದಳು. ಒಳ್ಳೆ ಪ್ರಶ್ನೆ ಅಲ್ವಾ? ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ಮೈಯೊಳಗಿನ ನೀರಿನಂಥ ರಕ್ತವನ್ನು ಒತ್ತಿ ಕಾಲು ಚಾಚುತ್ತದೆ. ಜೀವ ಹೋದರೆ ಒತ್ತಡ ಹೋಯಿತು, ಕಾಲು ಒಳಗೆ ಮಡಚಿತು. ಪೈಪಿನಲ್ಲಿ ನೀರು ಬಿಟ್ಟಾಗ ನೆಟ್ಟಗಾಗಿ, ಮೋಟರ್ ನಿಲ್ಲಿಸಿದರೆ ಚಪ್ಪಟೆಯಾಗುತ್ತಲ್ಲ, ಹಾಗೆ ಅಂದೆ.

ಕಳೆದ ದೀಪಾವಳಿಗೆ ಲಕ್ಷ್ಮಿ ಪೂಜೆಗೆ ಅಂತ ಹಳೆಯ ಖಾತೆ ಪುಸ್ತಕ ತೆಗೆದಾಗ ಹಾಳೆ ನಡುವೆ ಎಳ್ಳಿನಷ್ಟು ದೊಡ್ಡ ಚೇಳೊಂದು ಹಿಂದಕ್ಕೆ ಓಡಿತ್ತು. ಬಾಲ ಇಲ್ಲ. ಅದು ಹುಸಿ ಚೇಳು, ಸ್ಯೂಡೋಸ್ಕಾರ್ಪಿಯನ್. ಪುಸ್ತಕದ ಹೇನು ತಿನ್ನುತ್ತದೆ, ಪುಸ್ತಕಕ್ಕೆ ಉಪಕಾರವೇ. ಇದರ ವಿಷ ಇಕ್ಕಳದ ಬೆರಳಲ್ಲಿ, ನೂಲು ಬಾಯಿಜೋಡಿಯಲ್ಲಿ! ಚೇಳಿಗೆ ವಿಷ ಬಾಲದಲ್ಲಿ, ಜೇಡಕ್ಕೆ ವಿಷ ಬಾಯಿಜೋಡಿಯಲ್ಲಿ, ನೂಲು ಹಿಂಬದಿಯಲ್ಲಿ. ಪುಸ್ತಕದಲ್ಲಿ ಬಾಲವಿಲ್ಲದ ಚೇಳಿದೆ ಅಂತ ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿದ್ದಾನೆ. ಚೇಳು ಉಸಿರಾಡುವ ಅಂಗವೂ ಪುಸ್ತಕದ ಹಾಳೆ ಜೋಡಿಸಿದ ಹಾಗೆಯೇ ಇದೆ, ಹೊಟ್ಟೆಯ ಕೆಳಗೆ ನಾಲ್ಕು ಜೋಡಿ. ನಮ್ಮ ಬಾಟಲಿಯ ಓಟಗಾರನಿಗೆ ಹಾಳೆ ಇಲ್ಲ, ಮೈತುಂಬ ಗಾಳಿ ಕೊಳವೆ.

ಜೇಡಗಳು 2022ರಲ್ಲೇ ಐವತ್ತು ಸಾವಿರ ಜಾತಿ ದಾಟಿವೆ. ಅದೇ ಮನೆತನದ ರಿಸಿನುಲೈ ಅನ್ನುವ ಗಣದಲ್ಲಿ ನೂರರ ಆಸುಪಾಸು. ಆಫ್ರಿಕಾದ ಪಶ್ಚಿಮ ಮತ್ತು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ, ಬಾಯಿಗೆ ಮುಚ್ಚಳ ಹಾಕಿಕೊಂಡಿರುತ್ತವೆ. ಅದನ್ನು ನೋಡುವ ಯೋಗ ನನಗೆ ಬರಲಿಕ್ಕಿಲ್ಲ. ಒಡಿಶಾ ಕರಾವಳಿಯ ಕುದುರೆಲಾಳದ ಏಡಿಯನ್ನೂ ಈ ಮನೆತನದ ಒಳಗೇ ಸೇರಿಸಬೇಕು ಅಂತ ಕೆಲವು ವಿಜ್ಞಾನಿಗಳು ವಾದಿಸುತ್ತಿದ್ದಾರೆ. ಅದನ್ನಾದರೂ ಒಮ್ಮೆ ಹೋಗಿ ನೋಡಬೇಕು.

ಸಂಜೆ ದೀಪ ಹಚ್ಚುವ ಮುಂಚೆ ಅದನ್ನು ಹೊರಗೆ ಬಿಟ್ಟು ಬಾ ಅಂತ ಅವ್ವ ಹೇಳಿದಳು. ಹೋಗುವ ಮುಂಚೆ ತಾನೇ ಬಾಟಲಿ ಹತ್ತಿರ ಬಂದು ಬಗ್ಗಿ ನೋಡಿದಳು. "ಎಷ್ಟು ಕೂದ್ಲು ನೋಡು" ಅಂದಳು. ಕಾಲುವೆ ದಂಡೆಯ ಕಲ್ಲುಗುಡ್ಡೆ ಹತ್ತಿರ ಬಾಟಲಿ ಅಡ್ಡ ಹಾಕಿದೆವು. ಕ್ಷಣ ಹೊತ್ತು ಮುಂದಿನ ಕೈ ಎರಡನ್ನೂ ಗಾಳಿಯಲ್ಲಿ ಆಡಿಸಿ, ಕಲ್ಲಿನ ಸಂದಿಗೆ ಓಡಿಹೋಯಿತು. ಮನೆಗೆ ಬಂದು ಮಗಳು ಅದರ ಚಿತ್ರ ಬರೆದಿದ್ದಾಳೆ. ಎಂಟು ಕಾಲಿಗೆ ಕಂದು, ಕೈಜೋಡಿಗೆ ಹಸಿರು, ಬಾಯಿಜೋಡಿಗೆ ಕೆಂಪು ಪೆನ್ಸಿಲ್.