ಲೆಕ್ಕದ ನೋಟ್‌ಬುಕ್ಕಿನ ಗೋಲ್‌ಕೀಪರ್

ಮೊನ್ನೆ ಭಾನುವಾರ ಬೆಳಿಗ್ಗೆ ಪಿಂಪ್ರಿಯ ನೆಹರೂನಗರದ ಹಾಕಿ ಮೈದಾನದಲ್ಲಿ ನಮ್ಮ ಹುಡುಗಿಯರ ಪ್ರಾಕ್ಟೀಸ್ ಮ್ಯಾಚ್ ಇತ್ತು. ಎರಡನೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ ನಮ್ಮ ಕೀಪರ್ ಮೂರು ಗೋಲು ಬಿಟ್ಟಿದ್ದಳು. ಹದಿಮೂರು ವರ್ಷದವಳು. ಅಪ್ಪ ಅಮ್ಮ ವಿಜಯಪುರದ ಕಡೆಯವರು, ಮೋಶಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮೂರನೇ ಗೋಲು ಅವಳ ಎಡಗಡೆಯಿಂದ ಒಳಗೆ ಹೋದಾಗ ನನ್ನ ಪಕ್ಕದಲ್ಲಿದ್ದ ಕೋಚ್ ಮರಾಠಿಯಲ್ಲಿ ‘ಬದ್ಲೀ ಕರೂಯಾ ಕಾ?’ ಅಂದರು, ಬದಲಾಯಿಸೋಣವಾ ಅಂತ. ಇನ್ನೊಬ್ಬ ಕೀಪರ್ ಪ್ಯಾಡ್ ಕಟ್ಟಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ನನ್ನ ಕೈ ಅರ್ಧಕ್ಕೆ ಮೇಲೆದ್ದಿತ್ತು.

ಕೈ ಇಳಿಸಿದೆ. ಯಾಕೆ ಇಳಿಸಿದೆ ಅಂತ ಹೇಳಬೇಕಾದರೆ ಹುಬ್ಬಳ್ಳಿಗೂ ಹೋಗಬೇಕು, ಮಾಸ್ಕೋಗೂ ಹೋಗಬೇಕು.

ನಾನು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಆಗ ನೋಟ್‌ಬುಕ್ಕಿಗೆ ಹೊದಿಕೆ ಹಾಕಲು ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ಹಾಳೆಗೆ ಸಮನಾದದ್ದು ಇನ್ನೊಂದಿರಲಿಲ್ಲ. ನುಣುಪಾಗಿ, ದಪ್ಪವಾಗಿ, ಬಣ್ಣಬಣ್ಣವಾಗಿ ಇರುತ್ತಿತ್ತು. ನನ್ನ ಓರಗೆಯವರಿಗೆ ಅದರ ವಾಸನೆಯೂ ನೆನಪಿರಬೇಕು. ಐದನೇ ಕ್ಲಾಸಿನ ಲೆಕ್ಕದ ನೋಟ್‌ಬುಕ್ಕಿಗೆ ಅಪ್ಪ ಹಾಕಿಕೊಟ್ಟ ಹೊದಿಕೆಯಲ್ಲಿ ಒಬ್ಬ ಮನುಷ್ಯ ಇದ್ದ. ಮುಖದ ಮುಂದೆ ಗಿಳಿಪಂಜರದಂಥ ಜಾಲರಿ. ಕಾಲಿಗೆ ಹಾಸಿಗೆಯಷ್ಟು ದಪ್ಪದ ಪ್ಯಾಡು. ಜಾಲರಿಯ ಹಿಂದಿನಿಂದ ಎರಡು ಕಣ್ಣು ನೇರ ನನ್ನನ್ನೇ ನೋಡುತ್ತಿದ್ದವು. ಇಡೀ ವರ್ಷ ಆ ಕಣ್ಣುಗಳ ಮುಂದೆ ಕೂತು ಭಾಗಾಕಾರ ಮಾಡಿದೆ. ಅವನ ಹೆಸರು ಗೊತ್ತಿರಲಿಲ್ಲ.

ಅವನನ್ನು ನೋಡಿ ನಾನು ಕೀಪರ್ ಆದೆ ಅಂದರೆ ಸುಳ್ಳಾಗುತ್ತದೆ. ಎಂಟನೇ ಕ್ಲಾಸಿನಲ್ಲಿ ಶಾಲೆಯ ಟೀಮಿಗೆ ಹನ್ನೊಂದನೆಯವಳು ಬೇಕಿತ್ತು, ಗೋಲಿನಲ್ಲಿ ನಿಲ್ಲಲು ಯಾರೂ ಒಪ್ಪಲಿಲ್ಲ, ನಾನು ನಿಂತೆ. ಮೊದಲ ಚೆಂಡು ಕಾಲಿಗೆ ಬಡಿದು ಹೊರಗೆ ಹೋದಾಗ ಆದ ಖುಷಿ ಇವತ್ತಿಗೂ ನನ್ನ ಜೊತೆಗಿದೆ. ಆದರೆ ಕೀಪರ್‌ಗೆ ಹೇಗೆ ನಿಲ್ಲಬೇಕು ಅಂತ ಹೇಳಿಕೊಡುವವರು ಯಾರೂ ಇರಲಿಲ್ಲ. ಕೋಚ್‌ಗಳೆಲ್ಲ ಫಾರ್ವರ್ಡ್‌ಗಳಾಗಿ ಆಡಿ ಬಂದವರು. ಪ್ರಾಕ್ಟೀಸ್‌ನಲ್ಲಿ ಉಳಿದವರು ಗೋಲಿಗೆ ಹೊಡೆದು ಕಲಿಯುತ್ತಿದ್ದರು. ನಾನು ಅವರು ಹೊಡೆಯಲು ಇದ್ದ ಗೋಡೆ.

1993ರಲ್ಲಿ ಒಂದು ಟೂರ್ನಮೆಂಟಿನ ಫೈನಲ್. ಕೋಚ್ ಹೆಸರು ಬೇಡ, ಊರೂ ಬೇಡ. ಹಾಫ್‌ಟೈಮ್‌ಗೆ ನಾವು 0-2 ಹಿಂದಿದ್ದೆವು. ನೀರು ಕುಡಿದು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದೆ. ಕೋಚ್ ನನ್ನ ಕಡೆ ನೋಡದೆಯೇ ಇನ್ನೊಬ್ಬಳಿಗೆ ಬೆರಳು ತೋರಿಸಿದರು. ಅಷ್ಟೇ. ಒಂದು ಮಾತಿಲ್ಲ. ಪ್ಯಾಡ್ ಬಿಚ್ಚಬೇಕೋ ಕಟ್ಟಿಕೊಂಡೇ ಇರಬೇಕೋ ಅಂತಲೂ ಯಾರೂ ಹೇಳಲಿಲ್ಲ. ಮೂವತ್ತೈದು ನಿಮಿಷ ಪ್ಯಾಡ್ ಸಮೇತ ಕೂತೆ. ಬೆವರು ಆರಿ ಮೈ ತಣ್ಣಗಾಯಿತು. ಬಲಗಾಲಿನ ಚರ್ಮದ ಬಕಲ್ ಬಿಚ್ಚುವುದು, ಮತ್ತೆ ಹಾಕುವುದು, ಮತ್ತೆ ಬಿಚ್ಚುವುದು. ನಮ್ಮ ಟೀಮು 3-2ರಿಂದ ಗೆದ್ದಿತು. ಎಲ್ಲರೂ ಕುಣಿದರು. ನಾನೂ ಅವರ ಜೊತೆ ಕುಣಿದೆ. ಆಮೇಲೆ ಎರಡು ವರ್ಷ ಹಾಕಿ ಸ್ಟಿಕ್ ಮುಟ್ಟಲಿಲ್ಲ.

ಮದುವೆಯಾಗಿ ಪುಣೆಗೆ ಬಂದೆ. ನಿಗಡಿಯಲ್ಲಿ ಮನೆ, ಗಂಡನಿಗೆ ಭೋಸರಿಯಲ್ಲಿ ಫ್ಯಾಕ್ಟರಿ ಕೆಲಸ, ಒಬ್ಬ ಮಗ. ಆ ಮಗ ಓದಲು ಟೊರಾಂಟೊಗೆ ಹೋದ. 2019ರಲ್ಲಿ ನಾವು ಅವನನ್ನು ನೋಡಲು ಹೋದಾಗ ‘ಅಮ್ಮಾ, ನಿನಗೆ ಇಷ್ಟ ಆಗಬಹುದು’ ಅಂತ ಅಲ್ಲಿನ ಹಾಕಿ ಹಾಲ್ ಆಫ್ ಫೇಮ್‌ಗೆ ಕರೆದುಕೊಂಡು ಹೋದ. ಹಳೆಯ ಬ್ಯಾಂಕ್ ಕಟ್ಟಡ ಅದು. ಮೇಲೆ ಬಣ್ಣದ ಗಾಜಿನ ಗುಮ್ಮಟ. ಅಲ್ಲಿ ಹಾಕಿ ಅಂದರೆ ಐಸ್ ಹಾಕಿ ಮಾತ್ರ. ಸುಮ್ನೆ ಸುತ್ತುತ್ತಾ ಇದ್ದವಳು ಒಂದು ಫೋಟೊ ಮುಂದೆ ನಿಂತುಬಿಟ್ಟೆ. ಅದೇ ಪಂಜರ. ಅದೇ ಕಣ್ಣು. ವ್ಲಾಡಿಸ್ಲಾವ್ ಟ್ರೆಟ್ಯಾಕ್. ಮೂವತ್ತೈದು ವರ್ಷದ ಮೇಲೆ ಹೆಸರು ಸಿಕ್ಕಿತು.

ಆ ರಾತ್ರಿ ಮಗನ ಲ್ಯಾಪ್‌ಟಾಪ್‌ನಲ್ಲಿ ಓದಲು ಶುರು ಮಾಡಿದವಳು ಇನ್ನೂ ಓದುತ್ತಲೇ ಇದ್ದೇನೆ.

1952ರಲ್ಲಿ ಹುಟ್ಟಿದವರು. ಮಾಸ್ಕೋದ ಸೇನಾ ತಂಡ ಸಿ.ಎಸ್.ಕೆ.ಎ.ಯ ಕೀಪರ್. ಮೂರು ಒಲಿಂಪಿಕ್ ಚಿನ್ನ, ಹತ್ತು ವಿಶ್ವ ಚಾಂಪಿಯನ್‌ಶಿಪ್. ಲೆಕ್ಕ ಇಷ್ಟೇ ಸಾಕು, ನನ್ನನ್ನು ಹಿಡಿದದ್ದು ಬೇರೆ. ಅವರನ್ನು ಬೆಳೆಸಿದ ಕೋಚ್ ಅನಾತೊಲಿ ತರಸೋವ್ ‘ಎಲ್ಲಿ ಹೋದರೂ ಒಂದು ಟೆನ್ನಿಸ್ ಬಾಲ್ ನಿನ್ನ ಹತ್ತಿರ ಇರಬೇಕು’ ಅಂತ ಕಟ್ಟಪ್ಪಣೆ ಮಾಡಿದ್ದರಂತೆ. ನಡೆಯುವಾಗ, ಕೂತಾಗ, ಎಸೆಯುತ್ತಿರಬೇಕು, ಹಿಡಿಯುತ್ತಿರಬೇಕು.

ಐಸ್ ಹಾಕಿಯ ಗೋಲು ಬರೀ 6 ಅಡಿ ಅಗಲ, 4 ಅಡಿ ಎತ್ತರ. ನಮ್ಮದು 12 ಅಡಿ ಅಗಲ, 7 ಅಡಿ ಎತ್ತರ. ಅವರದು ಸುಲಭ ಅಂತ ಮೊದಲು ಅಂದುಕೊಂಡೆ. ಆಮೇಲೆ ಟೊರಾಂಟೊದಲ್ಲೇ ಒಂದು ಪಕ್ ಕೈಗೆ ತಗೊಂಡು ನೋಡಿದೆ. ಚೆಂಡಿನ ಬದಲು ಅವರು ಹೊಡೆಯುವುದು ಅದನ್ನೇ. 3 ಇಂಚು ಅಗಲ, 1 ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ತೂಕ ಹೆಚ್ಚುಕಡಿಮೆ ನಮ್ಮ ಚೆಂಡಿನಷ್ಟೇ. ಪುಟಿಯಬಾರದು ಅಂತ ಮ್ಯಾಚಿಗೆ ಮೊದಲು ಅದನ್ನು ಫ್ರೀಜರ್‌ನಲ್ಲಿಟ್ಟು ಕಲ್ಲು ಮಾಡುತ್ತಾರೆ. ಅದು ಬರುವ ವೇಗಕ್ಕೆ 6 ಅಡಿ ಕಾಯುವುದೂ ಒಂದೇ, 60 ಅಡಿ ಕಾಯುವುದೂ ಒಂದೇ.

1972ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ತಂಡ ಕೆನಡಾದ ವೃತ್ತಿಪರ ಆಟಗಾರರ ಮೇಲೆ ಎಂಟು ಮ್ಯಾಚಿನ ಸರಣಿ ಆಡಿತು. ಮೊದಲನೆಯದಕ್ಕೆ ಮಾಂಟ್ರಿಯಲ್‌ಗೆ ಬಂತು. ಟ್ರೆಟ್ಯಾಕ್‌ಗೆ ಆಗ 20 ವರ್ಷ. ಕೆನಡಾದವರು ಅದಕ್ಕೂ ಮೊದಲು ರಷ್ಯಾಕ್ಕೆ ಹೋಗಿ ಅವರ ಆಟ ನೋಡಿ ‘ಈ ಹುಡುಗ ಸುಮಾರು’ ಅಂತ ವರದಿ ಕೊಟ್ಟಿದ್ದರು. ಅವರು ನೋಡಿದ ಆಟ ಹುಡುಗನ ಮದುವೆ ಹೊತ್ತಿನದು, ಗಮನ ಎಲ್ಲೋ ಇತ್ತು, ರಾಶಿ ಗೋಲು ಬಿಟ್ಟಿದ್ದ. ಮೊದಲ ಮ್ಯಾಚಿಗೆ ಮುಂಚೆ ಸೋವಿಯತ್ ಡ್ರೆಸ್ಸಿಂಗ್ ರೂಮಿನ ಬಾಗಿಲು ತೆರೆದು ಒಬ್ಬರು ಒಳಗೆ ಬಂದರು. ಜೊತೆಗೆ ಒಬ್ಬ ದುಭಾಷಿ. ಬಂದವರು ಜಾಕ್ ಪ್ಲಾಂಟ್.

ಪ್ಲಾಂಟ್ ಅಂದರೆ ಸಾಮಾನ್ಯದವರಲ್ಲ. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಪಕ್ ಮುಖಕ್ಕೆ ಬಡಿದು ರಕ್ತ ಸುರಿಯಿತು. ಹೊಲಿಗೆ ಹಾಕಿಸಿಕೊಂಡು ಬಂದವರು ‘ಮುಖವಾಡ ಹಾಕಿಕೊಂಡೇ ಆಡುತ್ತೇನೆ, ಇಲ್ಲಾಂದ್ರೆ ಇಲ್ಲ’ ಅಂತ ಪಟ್ಟು ಹಿಡಿದರು. ಅಲ್ಲಿಯವರೆಗೆ ಅಮೆರಿಕ-ಕೆನಡಾದ ದೊಡ್ಡ ವೃತ್ತಿಪರ ಲೀಗ್ ಆದ ಎನ್.ಎಚ್.ಎಲ್.ನಲ್ಲಿ ಕೀಪರ್‌ಗಳು ಬಹುತೇಕ ಬರೀ ಮುಖದಲ್ಲೇ ನಿಲ್ಲುತ್ತಿದ್ದರು! ಮುಖವಾಡ ಹಾಕಿದರೆ ಹೆದರಿದ ಹಾಗೆ ಅಂತ ಅವರ ಕೋಚ್‌ಗೆ ಅದು ಸುತರಾಂ ಇಷ್ಟವಿರಲಿಲ್ಲ. ಪ್ಲಾಂಟ್ ಬಿಡಲಿಲ್ಲ. ಈಗ ಜಗತ್ತಿನ ಯಾವ ಕೀಪರೂ ಅದಿಲ್ಲದೆ ನಿಲ್ಲುವುದಿಲ್ಲ.

ಆ ಪ್ಲಾಂಟ್, 43 ವರ್ಷದ ಕೆನಡಾದವರು, ಎದುರಾಳಿ ಹುಡುಗನಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರು. ಎಸ್ಪೊಸಿಟೊ ಹೀಗೆ ಹೊಡೆಯುತ್ತಾನೆ, ಮಹೊವ್ಲಿಚ್ ಇಲ್ಲಿಂದ ಹೊಡೆಯುತ್ತಾನೆ, ಕೂರ್ನ್ವಾಯೆ ಹೀಗೆ ಬರುತ್ತಾನೆ. ಹೇಳಿ ಹೊರಟುಹೋದರು. ಆ ಮ್ಯಾಚನ್ನು ಸೋವಿಯತ್ ತಂಡ 7-3ರಿಂದ ಗೆದ್ದಿತು. ಪ್ಲಾಂಟ್ ಯಾಕೆ ಹಾಗೆ ಮಾಡಿದರು ಅಂತ ಟ್ರೆಟ್ಯಾಕ್ ತಮ್ಮ ನೆನಪುಗಳಲ್ಲಿ ಆಶ್ಚರ್ಯಪಟ್ಟಿದ್ದಾರೆ. ನನಗೆ ಆಶ್ಚರ್ಯವಾಗಲಿಲ್ಲ. ಗೋಲಿನಲ್ಲಿ ಒಂಟಿಯಾಗಿ ನಿಲ್ಲಲು ಹೊರಟ ಮಗುವಿಗೆ ಅದೇ ಜಾಗದಲ್ಲಿ ನಿಂತವರು ಏನಾದರೂ ಹೇಳದೆ ಇರಲಾರರು. ದೇಶ ಗೀಶ ಆಮೇಲೆ.

ಇನ್ನು 1980ರ ಫೆಬ್ರುವರಿ 22, ಲೇಕ್ ಪ್ಲಾಸಿಡ್ ಒಲಿಂಪಿಕ್ಸ್. ಇದನ್ನು ಓದುವಾಗ ನನ್ನ ಕೈ ತಣ್ಣಗಾಗಿತ್ತು. ಅಮೆರಿಕದ ಕಾಲೇಜು ಹುಡುಗರ ತಂಡದ ಎದುರು ಮ್ಯಾಚ್. ಎರಡು ವಾರದ ಹಿಂದೆಯಷ್ಟೇ ಅದೇ ತಂಡವನ್ನು ಸೋವಿಯತ್ ತಂಡ 10-3ರಿಂದ ಸೋಲಿಸಿತ್ತು. ಮೊದಲ ಪೀರಿಯಡ್ ಮುಗಿಯಲು ಕೆಲವೇ ಸೆಕೆಂಡು. ದೂರದಿಂದ ಒಂದು ಹೊಡೆತ ಬಂತು. ಟ್ರೆಟ್ಯಾಕ್ ತಡೆದರು. ಆದರೆ ಪಕ್ ಪಕ್ಕಕ್ಕೆ ಹೋಗಲಿಲ್ಲ, ಮುಂದಕ್ಕೇ ಹೋಯಿತು. ಮಾರ್ಕ್ ಜಾನ್ಸನ್ ನುಗ್ಗಿ ಬಂದು ಒಳಗೆ ಹಾಕಿದ. ಗಡಿಯಾರದಲ್ಲಿ ಉಳಿದದ್ದು ಒಂದೇ ಸೆಕೆಂಡು. 2-2.

ಕೋಚ್ ವಿಕ್ಟರ್ ಟಿಖೊನೋವ್ ಟ್ರೆಟ್ಯಾಕ್‌ರನ್ನು ಕೂರಿಸಿದರು. ಜಗತ್ತಿನ ಅತ್ಯುತ್ತಮ ಕೀಪರ್ ಉಳಿದ ಎರಡು ಪೀರಿಯಡ್ ಬೆಂಚಿನ ಮೇಲೆ. ಬದಲಿಗೆ ಬಂದ ಮಿಷ್ಕಿನ್ ಮೂರನೇ ಪೀರಿಯಡ್‌ನಲ್ಲಿ ಎರಡು ಗೋಲು ಬಿಟ್ಟರು. ಅಮೆರಿಕ 4-3ರಿಂದ ಗೆದ್ದಿತು. ಟ್ರೆಟ್ಯಾಕ್‌ರನ್ನು ತೆಗೆದದ್ದು ತಪ್ಪಾಯಿತು ಅಂತ ಟಿಖೊನೋವ್ ಎಷ್ಟೋ ವರ್ಷದ ಮೇಲೆ ಒಪ್ಪಿಕೊಂಡರು.

ಅದಾದ ಮೇಲೂ ಟ್ರೆಟ್ಯಾಕ್ ಆಡಿದರು. 1981ರ ಕೆನಡಾ ಕಪ್ ಫೈನಲ್‌ನಲ್ಲಿ ಕೆನಡಾವನ್ನು ಅವರದೇ ನೆಲದಲ್ಲಿ 8-1ರಿಂದ ಸೋಲಿಸಿದಾಗ ಗೋಲಿನಲ್ಲಿ ಇದ್ದವರು ಇವರೇ, ಇಡೀ ಟೂರ್ನಿಯ ಅತ್ಯುತ್ತಮ ಆಟಗಾರನೂ ಇವರೇ. 1983ರಲ್ಲಿ ಎನ್.ಎಚ್.ಎಲ್.ನ ಮಾಂಟ್ರಿಯಲ್ ತಂಡ ಇವರನ್ನು ಆರಿಸಿಕೊಂಡಿತು. ಸರ್ಕಾರ ಬಿಡಲಿಲ್ಲ. ವರ್ಷದಲ್ಲಿ ಹೆಚ್ಚಿನ ದಿನ ಆಟಗಾರರು ಶಿಬಿರದಲ್ಲೇ ಇರಬೇಕಿತ್ತು. ಹೆಂಡತಿ ಮಕ್ಕಳ ಜೊತೆ ಮನೆಯಲ್ಲಿದ್ದು ಪ್ರಾಕ್ಟೀಸ್‌ಗೆ ಬರುತ್ತೇನೆ ಅಂತ ಕೇಳಿದರು, ಟಿಖೊನೋವ್ ಒಪ್ಪಲಿಲ್ಲ. 1984ರಲ್ಲಿ, 32ನೇ ವಯಸ್ಸಿಗೆ, ಸಾಕು ಅಂದುಬಿಟ್ಟರು. ನನ್ನ ನೋಟ್‌ಬುಕ್ಕಿನ ಮೇಲೆ ಅವರು ಇದ್ದದ್ದೂ ಹೆಚ್ಚುಕಡಿಮೆ ಆಗಲೇ.

ಆರು ವರ್ಷದ ನಂತರ ಅದೇ ಲೀಗ್‌ನ ಶಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡ ಅವರನ್ನು ಕೀಪರ್‌ಗಳ ಕೋಚ್ ಆಗಿ ಕರೆಸಿಕೊಂಡಿತು. ತಾನು ಒಂದು ಮ್ಯಾಚೂ ಆಡಲಾಗದ ಲೀಗ್‌ನಲ್ಲಿ ಬೇರೆಯವರ ಮಕ್ಕಳಿಗೆ ಕಲಿಸುವ ಕೆಲಸ. ಹೊಟ್ಟೆ ಉರಿಯಬೇಕಿತ್ತು ಅಲ್ವಾ? ಎಡ್ ಬೆಲ್‌ಫೋರ್ ಎಂಬ ಹುಡುಗನನ್ನು ತಿದ್ದಿದರು. 1990-91ರ ಸೀಸನ್‌ನಲ್ಲಿ ಆ ಹುಡುಗ ಅತ್ಯುತ್ತಮ ಹೊಸಬ, ಅತ್ಯುತ್ತಮ ಕೀಪರ್, ಎರಡೂ ಪ್ರಶಸ್ತಿ ತಗೊಂಡ. ಮುಂದೆ ಬೇರೆ ತಂಡಕ್ಕೆ ಹೋದಾಗ ಬೆನ್ನಿನ ಮೇಲೆ 20ನೇ ನಂಬರ್ ಹಾಕಿಸಿಕೊಂಡ. ಟ್ರೆಟ್ಯಾಕ್ ನಂಬರ್ ಅದು.

ಆಮೇಲೆ ಟ್ರೆಟ್ಯಾಕ್ ಪುಟಿನ್ ಪಕ್ಷದಿಂದ ಸಂಸದರಾದರು. ಅವರ ರಾಜಕೀಯ ನನಗೆ ಒಪ್ಪಿಗೆಯಿಲ್ಲ. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ, ಅದಕ್ಕೇ ಹೇಳಿದೆ. ನಾನು ಕಲಿತದ್ದು ಕೀಪರ್‌ನಿಂದ, ಕೋಚ್‌ನಿಂದ.

ಟೊರಾಂಟೊದಿಂದ ಬಂದ ಮೇಲೆ ನೆಹರೂನಗರಕ್ಕೆ ಹೋಗಿ ‘ಕೀಪರ್ ಹುಡುಗಿಯರನ್ನು ನನಗೆ ಕೊಡಿ, ದುಡ್ಡು ಬೇಡ’ ಅಂದೆ. ಮಧ್ಯೆ ಕೊರೋನಾ ಬಂತು, ನಿಂತಿತು, ಮತ್ತೆ ಶುರುವಾಯಿತು. ಈಗ ನಾಲ್ಕು ಹುಡುಗಿಯರಿದ್ದಾರೆ. ಮೊದಲ ಪಾಠ ಲೇಕ್ ಪ್ಲಾಸಿಡ್‌ನದೇ. ತಡೆದರೆ ಆಗಲಿಲ್ಲ, ತಡೆದದ್ದು ಎಲ್ಲಿಗೆ ಹೋಯಿತು ನೋಡಬೇಕು. ಕಾಲನ್ನು ನೇರ ಇಟ್ಟರೆ ಚೆಂಡು ಬಂದ ದಾರಿಗೇ ವಾಪಸ್, ಎದುರಾಳಿಯ ಸ್ಟಿಕ್ಕಿಗೆ. ಪಾದವನ್ನು ಹೊರಗಡೆ ತುಸು ತಿರುಗಿಸಿ ಒದೆಯಬೇಕು, ಚೆಂಡು ಸೈಡ್‌ಲೈನ್ ಕಡೆ ಓಡಬೇಕು. ಒಂದು ದಿನಕ್ಕೆ ನೂರು ಸಲ, ಬಲಗಾಲಲ್ಲಿ ಐವತ್ತು, ಎಡಗಾಲಲ್ಲಿ ಐವತ್ತು.

ಇನ್ನು ಭಾನುವಾರದ ವಿಷಯ. ಎರಡನೇ ಕ್ವಾರ್ಟರ್ ಮುಗಿದ ಸೀಟಿ ಆಯಿತು. ನಾನೇ ಗೋಲಿನವರೆಗೆ ನಡೆದು ಹೋದೆ. ಅವಳು ಬೆಂಚಿನ ಕಡೆ ಬರದೆ ಕಂಬಕ್ಕೆ ಒರಗಿ ನಿಂತಿದ್ದಳು. ‘ಏನಾಯ್ತವ್ವಾ?’ ಅಂದೆ. ಬೈಗುಳ ಕಾಯುತ್ತಿದ್ದಳು ಅನಿಸುತ್ತದೆ, ಸ್ವಲ್ಪ ಹೊತ್ತು ಸುಮ್ಮನಿದ್ದು ‘ಬಾಲ್ ಕಾಣ್ಸಂಗಿಲ್ರಿ ಮೇಡಂ’ ಅಂದಳು.

ಹೆಲ್ಮೆಟ್ ದೊಡ್ಡದು. ಯಾರೋ ಕಾಲೇಜು ಹುಡುಗಿ ಕೊಟ್ಟದ್ದು. ಒಳಗಿನ ಸ್ಪಂಜು ಚಪ್ಪಟೆಯಾಗಿತ್ತು. ಇವಳು ಬಗ್ಗಿದಾಗಲೆಲ್ಲ ಅದು ಹುಬ್ಬಿನವರೆಗೆ ಜಾರಿ, ಜಾಲರಿಯ ಅಡ್ಡ ಕಂಬಿ ಸರಿಯಾಗಿ ಕಣ್ಣಿನ ಮುಂದೆ ಬಂದು ಕೂರುತ್ತಿತ್ತು. ನಾನೇ ತಲೆಗೆ ಹಾಕಿಕೊಂಡು ಬಗ್ಗಿ ನೋಡಿದೆ. ಎಡಗಡೆ ಅರ್ಧ ಮೈದಾನವೇ ಮಾಯ. ಮೂರು ಗೋಲೂ ಎಡಗಡೆಯಿಂದಲೇ ಬಂದಿದ್ದವು. ಮೂರು ವಾರದಿಂದ ಅದೇ ಹೆಲ್ಮೆಟ್ ಹಾಕುತ್ತಿದ್ದಾಳೆ. ಹೇಳಿದರೆ ಟೀಮಿನಿಂದ ತೆಗೆಯುತ್ತಾರೆ ಅಂತ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ನನ್ನ ಕಾಟನ್ ದುಪಟ್ಟಾ ಮಡಿಸಿ ಹಣೆಯ ಹತ್ತಿರ ಒಳಗೆ ತುರುಕಿದೆ. ಗದ್ದದ ಪಟ್ಟಿ ಎರಡು ತೂತು ಬಿಗಿ ಮಾಡಿದೆ. ‘ಈಗ?’ ‘ಹೂಂ ರಿ.’ ‘ನೀನೇ ನಿಲ್ಲಬೇಕು, ಕೊನೆಯವರೆಗೂ’ ಅಂದೆ. ಇನ್ನೊಬ್ಬ ಕೀಪರ್ ಹತ್ತಿರ ಹೋಗಿ ಇವತ್ತು ಯಾಕೆ ಅವಳನ್ನು ಇಳಿಸುತ್ತಿಲ್ಲ, ಮುಂದಿನ ವಾರ ಪೂರ್ತಿ ಮ್ಯಾಚ್ ಅವಳದೇ ಅಂತ ಬಿಡಿಸಿ ಹೇಳಿದೆ. ಪ್ಯಾಡ್ ಬಿಚ್ಚಿ ಆರಾಮಾಗಿ ಕೂತುಕೋ ಅಂದೆ.

ನಾಲ್ಕನೇ ಗೋಲೂ ಬಿತ್ತು. ನಾವು ಸೋತೆವು. ಆದರೆ ಅದಕ್ಕೂ ಮುಂಚೆ ಎಡಗಡೆ ಬಂದ ಒಂದು ಜೋರು ಹೊಡೆತವನ್ನು ಪಾದ ತಿರುಗಿಸಿ ಸೈಡ್‌ಲೈನ್ ಆಚೆ ಕಳಿಸಿದಳು ನೋಡಿ, ನಾನು ನಿಂತಲ್ಲೇ ಕೂಗಿಬಿಟ್ಟೆ.

ಮನೆಗೆ ಹೊರಡುವಾಗ ಬ್ಯಾಗಿನಿಂದ ಒಂದು ಟೆನ್ನಿಸ್ ಬಾಲ್ ತೆಗೆದು ಕೊಟ್ಟೆ. ಎಡಗೈಯಲ್ಲಿ ಹಿಡಿ, ಎಲ್ಲಿ ಹೋದರೂ ಜೊತೆಯಲ್ಲಿರಲಿ ಅಂದೆ. ಯಾರು ಹೇಳಿದ್ದು ಅಂತ ಕೇಳಿದಳು. ಫೋನಿನಲ್ಲಿ ಪಂಜರದ ಮನುಷ್ಯನ ಫೋಟೊ ತೋರಿಸಿದೆ. ತುಂಬಾ ಹೊತ್ತು ನೋಡಿದಳು.

ನಿನ್ನೆ ಅವಳ ಅಮ್ಮನ ಫೋನು. ‘ಮೇಡಂ, ಚೆಂಡ ಕೊಟ್ಟು ಏನ್ ಮಾಡೀರಿ? ಮುಂಜಾನೆ ಆರಕ್ಕೆಲ್ಲ ಪತ್ರಾಕ್ಕ ಹೊಡಿಯಾಕ ಸುರು ಮಾಡ್ತಾಳ. ಧಡ್ ಧಡ್ ಅಂತೈತಿ. ಬಾಜೂದವ್ರು ಜಗಳಕ್ಕ ಬರಾಕತ್ತಾರ.’

‘ಎಡಗೈಲೇ ಹಿಡೀತಾಳೇನ್ರೀ?’ ಅಂದೆ.

ಆ ಕಡೆ ಒಂದು ಗಳಿಗೆ ಮಾತಿಲ್ಲ. ಹಿಂದಿನಿಂದ ತಗಡಿಗೆ ಚೆಂಡು ಬಡಿಯುವ ಸದ್ದು ಕೇಳುತ್ತಿತ್ತು.

‘ಹೌದ್ರಿ,’ ಅಂದರು. ‘ಎಡಗೈಲೇ.’