ಮಧ್ಯದ ಪದ ಒಡೆಯುವಾಗ ಆ ಗುಣಾಕಾರ ಯಾಕೆ?

ಅಕ್ಕನ ಮಗಳು ಲೆಕ್ಕ ಸರಿಯಾಗಿಯೇ ಬಿಡಿಸಿದ್ದಳು. ಆದರೂ ಸಮಾಧಾನ ಇರಲಿಲ್ಲ. "ಮಾಮ, 6ನ್ನೂ 10ನ್ನೂ ಸುಮ್ನೆ ಯಾಕೆ ಗುಣಿಸಬೇಕು?" ಅಂದಳು. ಉತ್ತರ ಬಂದ ಮೇಲೂ ಯಾಕೆ ಅಂತ ಕೇಳುವವರು ನನಗೆ ಇಷ್ಟ.

ಲೆಕ್ಕ ಇದು: 6ಕ² + 11ಕ − 10ನ್ನು ಅಪವರ್ತಿಸಬೇಕು, ಅಂದರೆ ಎರಡು ಆವರಣಗಳ ಗುಣಲಬ್ಧವಾಗಿ ಬರೆಯಬೇಕು. (ಎಕ್ಸ್ ಜಾಗದಲ್ಲಿ ಕ ಬರೆದಿದ್ದೇನೆ. ಕೀಬೋರ್ಡ್ ಬದಲಿಸಲು ಬೇಜಾರು.) 6 ಮತ್ತು −10 ಗುಣಿಸಿದರೆ −60. ಗುಣಲಬ್ಧ −60, ಮೊತ್ತ 11 ಆಗುವ ಜೋಡಿ 15 ಮತ್ತು −4. ಆಮೇಲೆ ಮಧ್ಯದ 11ಕವನ್ನು ಆ ಜೋಡಿಯಾಗಿ ಒಡೆದರೆ,

6ಕ² + 15ಕ − 4ಕ − 10
= 3ಕ(2ಕ + 5) − 2(2ಕ + 5)
= (3ಕ − 2)(2ಕ + 5)

ಕಾರಣ ಬೇಕಿದ್ದರೆ ಕೊನೆಯ ಸಾಲಿನಿಂದ ಹಿಂದಕ್ಕೆ ಬನ್ನಿ. ಆವರಣಗಳನ್ನು ಗುಣಿಸಿದಾಗ 15 ಬರುವುದು 3 × 5ರಿಂದ, −4 ಬರುವುದು −2 × 2ರಿಂದ. ಇನ್ನು ಮೊದಲಿನ 6 ಅಂದರೆ 3 × 2. ಕೊನೆಯ −10 ಅಂದರೆ −2 × 5. ಎರಡೂ ಕಡೆ ಅವೇ ನಾಲ್ಕು ಸಂಖ್ಯೆಗಳು, ಜೋಡಿ ಮಾತ್ರ ಅದಲುಬದಲು. ಅಂದಮೇಲೆ ಎರಡೂ ಕಡೆ ಗುಣಲಬ್ಧ ಒಂದೇ ಆಗಲೇಬೇಕು, ಅಲ್ವಾ?

−4ಕ ಮೊದಲು ಬರೆದರೂ ಉತ್ತರ ಬದಲಾಗುವುದಿಲ್ಲ. ಎರಡು ಆವರಣ ಹೊಂದದಿದ್ದರೆ ಮೊದಲು ಚಿಹ್ನೆ ನೋಡಿ. −4ಕ − 10ರಿಂದ −2 ಹೊರಗೆ ತೆಗೆದರೆ ಒಳಗೆ +5 ಉಳಿಯುತ್ತದೆ. ಜಾಸ್ತಿ ಜನ ಅಲ್ಲೇ −5 ಬರೆಯುತ್ತಾರೆ.

ಜೋಡಿಯನ್ನು ಅಂದಾಜಿನಲ್ಲಿ ಹುಡುಕಿ ಅನ್ನುವುದು ಮಾತ್ರ ನನಗೆ ಹಿಡಿಸುವುದಿಲ್ಲ. ಮೊತ್ತದ ವರ್ಗದಿಂದ ಗುಣಲಬ್ಧದ ನಾಲ್ಕರಷ್ಟನ್ನು ಕಳೆಯಿರಿ. ಅದು ಆ ಎರಡು ಸಂಖ್ಯೆಗಳ ವ್ಯತ್ಯಾಸದ ವರ್ಗ. ಇಲ್ಲಿ 121 + 240 = 361, ಅಂದರೆ 19ರ ವರ್ಗ. ಮೊತ್ತ 11, ವ್ಯತ್ಯಾಸ 19. 30ರ ಅರ್ಧ 15, −8ರ ಅರ್ಧ −4. ಹುಡುಕಾಟವೇ ಇಲ್ಲ! ವರ್ಗ ಸಮೀಕರಣದ ಪಾಠದಲ್ಲಿ ಬರುವ ಶೋಧಕ ಇದೇ.

ಪೂರ್ಣವರ್ಗ ಬರದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಕ² + 5ಕ + 3ರಲ್ಲಿ 25 − 12 = 13. ಅಂಥ ಪೂರ್ಣಾಂಕಗಳ ಜೋಡಿಯೇ ಇಲ್ಲ, ಎಷ್ಟು ಹೊತ್ತು ಹುಡುಕಿದರೂ ಸಿಗದು.

ಅವಳಿಗೆ ಆಮೇಲೆ ಕೊಟ್ಟಿದ್ದು 12ಕ² − 7ಕ − 12. 49 + 576 = 625, ವರ್ಗಮೂಲ 25. ಜೋಡಿ 9 ಮತ್ತು −16. ಉಳಿದ ಸಾಲುಗಳನ್ನು ನೀವೇ ಬರೆದು ನೋಡಿ.